ಕ್ವಾರಿ ಹತ್ತಿರ ಸಿಕ್ಕ ಕುರಿ ಕಾಯುವ ಅಜ್ಜನಿಗೆ

ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ ನೀರು ನಿಂತ ಹಳೆಯ ಕಲ್ಲು ಕ್ವಾರಿಗೆ ಮೂವರು ದೋಸ್ತರು ಈಜಲು ಹೋಗಿದ್ದೆವು. ಆಗಷ್ಟೇ ಪಿಯುಸಿ ಪರೀಕ್ಷೆ ಮುಗಿದಿತ್ತು. ಬಂಡೆ ಸಂದಿಯಲ್ಲಿ ಒಂದು ಚೀಲ ಸಿಕ್ಕಿತು. ಒಳಗೆ ಬೀಡಿ ಗಾತ್ರದ ಲೋಹದ ಕೊಳವೆಗಳು, ಒಂದೊಂದಕ್ಕೂ ಎರಡೆರಡು ವೈರು.

ಒಬ್ಬ ನಾಲ್ಕನ್ನು ಜೇಬಿಗೆ ಹಾಕಿಕೊಂಡ. "ಯಾರಿಗರ ಹೇಳಿದ್ರ ದೋಸ್ತಿ ಕಟ್" ಅಂದ. ನಾನು ಸುಮ್ನಿದ್ದೆ. ಅದು ಈಗಲೂ ಚುಚ್ಚುತ್ತದೆ.

ಅಷ್ಟರಲ್ಲಿ ನೀವು ಕುರಿ ಹೊಡೆದುಕೊಂಡು ಬಂದಿರಿ. ಬೈಯಲಿಲ್ಲ. ಎಡಗೈ ಎತ್ತಿ ತೋರಿಸಿದಿರಿ, ಅಷ್ಟೇ. ಎರಡು ಬೆರಳು ಇರಲಿಲ್ಲ. "ಅವು ಕೇಪು ತಮ್ಮಾ, ಕಲ್ಲು ಸಿಡಿಸೋವು. ವೈರ್ ಜಗ್ಗಬ್ಯಾಡ, ಒಗಿಬ್ಯಾಡ. ಮೆಲ್ಲಕ ನೆಲಕ್ಕ ಇಡು." ಅವನ ಕೈ ನಡುಗುತ್ತಿತ್ತು. ನಾಲ್ಕೂ ಇಡುವವರೆಗೆ ನೀವು ಒಂದು, ಎರಡು ಅಂತ ಕುರಿ ಎಣಿಸಿದ ಹಾಗೆ ಎಣಿಸಿದಿರಿ.

ಮೊಬೈಲ್ ಮುಟ್ಟಬೇಡಿ ಅಂತ ಹೇಳಿ ರಸ್ತೆವರೆಗೂ ನಡೆಸಿಕೊಂಡು ಹೋದಿರಿ. ಅಲ್ಲಿಂದಲೇ 112ಕ್ಕೆ ಫೋನ್ ಮಾಡಿದ್ದು. ಪೊಲೀಸರು ಬರುವವರೆಗೆ ಜಾಲಿ ಮರದ ಕೆಳಗೆ ಕೂರಿಸಿ, ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿ ಪಲ್ಯ ಕೊಟ್ಟಿರಿ. ಆ ಭಯದಲ್ಲೂ ಎರಡು ರೊಟ್ಟಿ ತಿಂದೆ, ಸುಳ್ಳು ಯಾಕೆ ಹೇಳಲಿ!

ಪೊಲೀಸರು ಕೇಳಿದಾಗ "ಹುಡುಗ್ರೇ ನೋಡಿ ತಾವಾಗಿ ಹೇಳ್ಯಾರ್ರಿ" ಅಂದಿರಿ. ಜೇಬಿನ ವಿಷಯ ಎತ್ತಲೇ ಇಲ್ಲ. ಆಮೇಲೆ ಅವನೇ ಬಾಯಿಬಿಟ್ಟು ಎಲ್ಲ ಹೇಳಿದ. ನಾವಿಬ್ಬರೂ ಅವನ ಪಕ್ಕ ಹೋಗಿ ನಿಂತೆವು.

ತಿರುಗಿ ನೋಡಿದರೆ ನೀವಿಲ್ಲ. ದೂರದಲ್ಲಿ ಕುರಿಗಳ ಧೂಳು ಮಾತ್ರ. ಹೆಸರೂ ಕೇಳಲಿಲ್ಲ ಅಜ್ಜಾ. ದೋಸ್ತಿ ಕಟ್ ಆಗಿಲ್ಲ.