ಬೂದು ಬಣ್ಣದ ‘ಬೇಡ’

ಸಾಗರ,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಅಪ್ಪನ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ.

ಅಜ್ಜಿಯನ್ನು ನಿನ್ನ ಹತ್ತಿರ ಕಳಿಸಲು ಇವತ್ತು ಸಂಜೆ ಮೊಬೈಲಿನಲ್ಲಿ ಬಸ್ ಟಿಕೆಟ್ ಮಾಡಲು ಕೂತೆ. ಮೊದಲು 850 ರೂಪಾಯಿ ಅಂತ ತೋರಿಸಿತು. ದುಡ್ಡು ಕಟ್ಟುವ ಹೊತ್ತಿಗೆ ನೋಡಿದರೆ 931. ಹಿಂದೆ ಹೋಗಿ ಹುಡುಕಿದೆ. ವಿಮೆಗೆ 25, ಯಾವುದೋ ದಾನಕ್ಕೆ 10, ಎರಡಕ್ಕೂ ನಾನು ಮುಟ್ಟದೆಯೇ ಟಿಕ್ ಬಿದ್ದಿತ್ತು. ಉಳಿದ 46 ಏನೋ ಶುಲ್ಕವಂತೆ. ವಿಮೆಯ ಟಿಕ್ ತೆಗೆದ ಕೂಡಲೇ ಇನ್ನೊಂದು ಸ್ಕ್ರೀನ್ ಬಂತು. ಅಗಲವಾದ ಹಸಿರು ಪಟ್ಟಿಯಲ್ಲಿ ‘ಹೌದು, ನನಗೆ ರಕ್ಷಣೆ ಬೇಕು’. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ‘ಬೇಡ, ಅಪಾಯವಾದರೆ ಆಗಲಿ’. ಪಕ್ಕದಲ್ಲಿದ್ದ ಅಜ್ಜಿ ಓದಿಸಿಕೊಂಡು, “ಹೊರಡುವಾಗ ಅದೆಂಥ ಅಪಶಕುನದ ಮಾತೋ, ಬೇಕು ಅಂತಲೇ ಒತ್ತು” ಅಂದಳು. ಒತ್ತಿದೆ.

ಇಪ್ಪತ್ತೈದು ರೂಪಾಯಿ ದೊಡ್ಡದಲ್ಲ. ಆದರೆ ಅಜ್ಜಿಯ ಭಯಕ್ಕೆ ಬೆಲೆ ಕಟ್ಟಿದರಲ್ಲ, ಅದು ನನಗೆ ತಡೆಯಲಾಗಲಿಲ್ಲ. ಆ ವಾಕ್ಯವನ್ನು ಯಾರೋ ಕೂತು, ಯೋಚಿಸಿ ಬರೆದಿದ್ದಾರೆ. ನಿನ್ನ ವಯಸ್ಸಿನ, ನಿನ್ನ ಹಾಗೆಯೇ ಮೊಬೈಲ್ ಸ್ಕ್ರೀನ್ ಡಿಸೈನ್ ಮಾಡುವ ಯಾರೋ.

ಇದಕ್ಕೆಲ್ಲ ನಮ್ಮಲ್ಲಿ ನಿಯಮ ಇದೆ ಮಗಳೇ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’, ಅಂದರೆ ಗಿರಾಕಿಯನ್ನು ದಾರಿ ತಪ್ಪಿಸುವ ಸ್ಕ್ರೀನ್ ವಿನ್ಯಾಸ, ಅದನ್ನು ತಡೆಯುವ ಮಾರ್ಗಸೂಚಿ ಹೊರಡಿಸಿ, 13 ಬಗೆಯ ಮೋಸವನ್ನು ಹೆಸರಿಟ್ಟು ಹೇಳಿದೆ. ಕೇಳದ ವಸ್ತುವನ್ನು ಬುಟ್ಟಿಗೆ ತುರುಕುವುದು, ಕೊನೆಯಲ್ಲಿ ಬೆಲೆ ಏರಿಸುವುದು, ಬೇಡ ಅಂದವರಿಗೆ ನಾಚಿಕೆಯೋ ಹೆದರಿಕೆಯೋ ಆಗುವಂತೆ ಮಾಡುವುದು, ಎಲ್ಲವೂ ಅದರಲ್ಲಿವೆ. ಟಿಕೆಟ್ ಜೊತೆ ವಿಮೆಯನ್ನು ತಾನಾಗಿ ಸೇರಿಸುವುದನ್ನು ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ‘ಡಾರ್ಕ್ ಪ್ಯಾಟರ್ನ್’ ಅನ್ನುವ ಹೆಸರನ್ನು 2010ರಲ್ಲಿ ಕೊಟ್ಟ ಹ್ಯಾರಿ ಬ್ರಿಗ್ನಲ್ ಕೂಡ ಡಿಸೈನರ್. ನಿಮ್ಮವರೇ ಎದ್ದು ನಿಂತು ಇದು ತಪ್ಪು ಅಂದದ್ದು ನನಗೆ ಬಹಳ ಹಿಡಿಸಿತು.

ಅಮೆರಿಕದಲ್ಲಿ ಅಮೆಜಾನ್ 2025ರ ಸೆಪ್ಟೆಂಬರಿನಲ್ಲಿ 250 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಜನರನ್ನು ಅರಿವಿಲ್ಲದೆ ತನ್ನ ಚಂದಾ ಯೋಜನೆಯಾದ ಪ್ರೈಮ್‌ಗೆ ಸೇರಿಸಿಕೊಂಡು, ಬಿಡುವ ದಾರಿಯನ್ನು ಕಷ್ಟ ಮಾಡಿಟ್ಟಿತ್ತು ಎಂಬುದು ಅಲ್ಲಿನ ವ್ಯಾಪಾರ ಆಯೋಗದ ದೂರು. ಆ ದೂರಿನಲ್ಲಿ ಕಂಪನಿಯ ಹೆಸರಷ್ಟೇ ಅಲ್ಲ, ಮೂವರು ಹಿರಿಯ ಅಧಿಕಾರಿಗಳ ಹೆಸರೂ ಇತ್ತು. ರಾಜಿಯ ಪ್ರಕಾರ ‘ಬೇಡ, ನನಗೆ ಉಚಿತ ಡೆಲಿವರಿ ಬೇಡ’ ಎನ್ನುವಂಥ ಬಟನ್ ಇನ್ನು ಇಡುವಂತಿಲ್ಲ.

ನಮ್ಮಂಗಡಿಯ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸುವಾಗ ನೀನೂ ನನ್ನ ಜೊತೆ ಬರುತ್ತಿದ್ದೆ, ನೆನಪಿದೆಯಾ? ಗಿರಾಕಿ ತಕ್ಕಡಿ ನೋಡದೆ ಚೀಲ ಎತ್ತಿಕೊಂಡು ಹೋಗುತ್ತಾನೆ, ಆ ನಂಬಿಕೆಯ ಮೇಲೆಯೇ ನಮ್ಮ ಮನೆಯಲ್ಲಿ ಅನ್ನ ಬೆಂದದ್ದು. ನೀನು ಬಿಡಿಸುವ ಸ್ಕ್ರೀನಿಗೆ ಯಾರೂ ಬಂದು ಮುದ್ರೆ ಒತ್ತುವುದಿಲ್ಲ. ಮೇಲಿನವರು ‘ಬೇಡ’ವನ್ನು ಸಣ್ಣದು ಮಾಡು ಅಂದಾಗ ಹೊಸ ಕೆಲಸದಲ್ಲಿ ಎದುರು ಮಾತಾಡುವುದು ಕಷ್ಟ, ಗೊತ್ತು. ಆಗ ಆ ಮಾರ್ಗಸೂಚಿಯನ್ನು ಮುಂದಿಡು. ಅದರಿಂದ ಕೆಲಸಕ್ಕೇ ಕುತ್ತು ಬಂದರೆ ಊರಿಗೆ ಬಾ, ಅಂಗಡಿ ಇದೆ, ನಾನಿದ್ದೇನೆ.

ನಾಳೆ ಬೆಳಿಗ್ಗೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಟಿಕೆಟ್ಟಿನ ವಿಷಯ ದೂರು ಬರೆಸುತ್ತೇನೆ. ಅಜ್ಜಿ ಬುಧವಾರ ಬೆಳಗಿನ ಜಾವ ಇಳಿಯುತ್ತಾಳೆ, ಚೀಲದಲ್ಲಿ ಹಲಸಿನ ಹಪ್ಪಳ ಇದೆ. ಚಂದಾ ರದ್ದು ಮಾಡುವ ಸ್ಕ್ರೀನ್ ಬಿಡಿಸುತ್ತಿದ್ದೇನೆ ಅಂದಿದ್ದೆಯಲ್ಲ, ಅದನ್ನು ಅವಳ ಕೈಗೆ ಕೊಡು. ಎಲ್ಲಿ ಒತ್ತಿದರೆ ನಿಲ್ಲುತ್ತದೆ ಅಂತ ಕೇಳು. ನೀನು ಬೆರಳು ತೋರಿಸಬೇಡ.

ಇಂತಿ,
ಅಪ್ಪ