ಈ ಕಾರ್ಡು ಯಾರಿಗೆ ಬರೆಯಲಿ?

ಜಪಾನಿನ ಆತ್ಮೀಯ ಕನ್ನಡ ಬಂಧುಗಳೇ,

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ಅಚ್ಚಿಗೆ ಹೋಗಲು ಇನ್ನು ಒಂದೇ ರಾತ್ರಿ ಉಳಿದಿದೆ. ಗಣೇಶನ ಹಬ್ಬದ ಬಗ್ಗೆ ಬರೆಯೋಣವೆಂದು ಕುಳಿತಿದ್ದ ನನ್ನಿಂದ, ಮೂರನೆಯ ತರಗತಿಯ ಮಗಳು ಶಾಲೆಯಿಂದ ತಂದ ಖಾಲಿ ಅಂಚೆ ಕಾರ್ಡೊಂದು ಬೇರೆಯದನ್ನೇ ಬರೆಸುತ್ತಿದೆ. ಸೆಪ್ಟೆಂಬರಿನ ಮೂರನೆಯ ಸೋಮವಾರ ಜಪಾನಿನಲ್ಲಿ ‘ಕೇರೋ ನೋ ಹಿ’, ಹಿರಿಯರನ್ನು ಗೌರವಿಸುವ ದಿನ. ಅಜ್ಜ ಅಜ್ಜಿಯರಿಗೆ ಕಾರ್ಡು ಬರೆಯಬೇಕೆಂದು ಶಾಲೆಯಲ್ಲಿ ಹೇಳಿದ್ದಾರೆ. ಮಗಳು ಅದನ್ನು ಮೇಜಿನ ಮೇಲಿಟ್ಟು ಕೇಳಿದಳು: “ಅಪ್ಪಾ, ಅಜ್ಜಿಗೆ ಜಪಾನೀಸ್ ಓದೋಕೆ ಬರಲ್ಲ, ನಂಗೆ ಕನ್ನಡ ಬರೆಯೋಕೆ ಬರಲ್ಲ. ಈ ಕಾರ್ಡು ಯಾರಿಗೆ ಬರೀಲಿ?”

ಅವಳ ವಯಸ್ಸಿನಲ್ಲಿ ನಮ್ಮಜ್ಜಿಯ ಕಾಗದಗಳನ್ನೆಲ್ಲ ಬರೆಯುತ್ತಿದ್ದವನು ನಾನು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ; ಚಿಕ್ಕಪ್ಪ ಮುಂಬಯಿಯಲ್ಲಿದ್ದರು. ಅರಸೀಕೆರೆಯ ಕಡೆಯ ನಮ್ಮೂರಿನ ಮನೆಯ ಜಗಲಿಯಲ್ಲಿ ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಹೇಳುತ್ತಿದ್ದರು, ನಾನು ಹೊಟ್ಟೆಯ ಮೇಲೆ ಮಲಗಿ ನೀಲಿ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆಯುತ್ತಿದ್ದೆ. “ಇತ್ತ ಎಲ್ಲರೂ ಕ್ಷೇಮ, ಅತ್ತ ನಿನ್ನ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರುವುದು” ಎಂಬಲ್ಲಿಂದ ಶುರುವಾಗಿ ಮಳೆ, ರಾಗಿ ಪೈರು, ಈದ ಹಸು, ಅದರ ಹೆಣ್ಣುಕರು ಎಲ್ಲವೂ ಬಂದು, ಕೊನೆಗೆ ಜಾಗ ಸಾಲದೆ ಅಂಟಿಸುವ ಮಡಿಕೆಯ ಅಂಚಿನಲ್ಲಿ ಆಶೀರ್ವಾದವನ್ನು ಅಡ್ಡಲಾಗಿ ತುರುಕಬೇಕಾಗುತ್ತಿತ್ತು. ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳದೆ ಕಾಗದ ಅಂಟಿಸುವಂತಿರಲಿಲ್ಲ. ಒಂದು ಸಲ ಅಜ್ಜಿಯ ಮಂಡಿ ಊದಿಕೊಂಡು ಹದಿನೈದು ದಿನ ಹಿತ್ತಿಲಿಗೂ ಹೋಗಲಾಗದಿದ್ದಾಗ ನಾನಾಗಿಯೇ ಅದನ್ನೂ ಬರೆದುಬಿಟ್ಟೆ. ಓದುವಾಗ ಅಜ್ಜಿ ಕೈಯೆತ್ತಿ ನಿಲ್ಲಿಸಿದರು: “ಅದನ್ನ ಹೊಡೆದುಹಾಕು ಮಗ. ಅವನು ಅಲ್ಲಿ ಊಟ ಬಿಟ್ಟಾನು.” ದೂರದಲ್ಲಿರುವ ಮಗನಿಗೆ ತಾಯಿ ಏನನ್ನು ಹೇಳುತ್ತಾಳೆ, ಏನನ್ನು ಬಚ್ಚಿಡುತ್ತಾಳೆ ಎಂಬುದು ಎಂಟು ವರ್ಷದ ನನಗೆ ತಿಳಿದದ್ದು ಆ ಒಂದು ಸಾಲನ್ನು ಹೊಡೆದುಹಾಕಿದಾಗ. ಈಗ ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮ “ನಾನು ಚೆನ್ನಾಗಿದ್ದೀನಿ” ಎಂದಾಗಲೆಲ್ಲ ನನಗೆ ಆ ಸಾಲು ನೆನಪಾಗುತ್ತದೆ.

ಅಜ್ಜಿಗೆ ನನ್ನಿಂದ ಆಗಬೇಕಾದ ಕೆಲಸವೊಂದಿತ್ತು. ಹಿರಿಯರನ್ನು ಗೌರವಿಸು ಎಂದು ನನಗೆ ಯಾರೂ ಹೇಳಿಕೊಡಲಿಲ್ಲ. ಪಕ್ಕದಲ್ಲಿ ಕುಳಿತು ಮಾಡುವ ಆ ಕೆಲಸದಲ್ಲಿಯೇ ನಮ್ಮ ನಂಟು ಬೆಳೆಯಿತು.

ಕೇರೋ ನೋ ಹಿ ಹುಟ್ಟಿದ್ದೂ ಇಂಥದೇ ಯೋಚನೆಯಿಂದ. 1947ರಲ್ಲಿ ಹ್ಯೋಗೋ ಪ್ರಾಂತ್ಯದ ನೊಮಾದಾನಿ ಎಂಬ ಹಳ್ಳಿಯವರು ಹಿರಿಯರ ತಿಳಿವಳಿಕೆಯನ್ನು ಎರವಲು ಪಡೆದು ಊರು ಕಟ್ಟೋಣವೆಂದು, ಬೇಸಾಯದ ಬಿಡುವು ನೋಡಿಕೊಂಡು ಸೆಪ್ಟೆಂಬರ್ 15ರಂದು ಅವರನ್ನೆಲ್ಲ ಸೇರಿಸಿದರು. 1966ರಲ್ಲಿ ಅದು ರಾಷ್ಟ್ರೀಯ ರಜೆಯಾಯಿತು. 1963ರಲ್ಲಿ ಇಡೀ ದೇಶದಲ್ಲಿ ನೂರು ದಾಟಿದವರು 153 ಮಂದಿ. 2024ರಲ್ಲಿ ಅವರ ಸಂಖ್ಯೆ 95 ಸಾವಿರ ಮೀರಿತ್ತು. ನೂರು ತುಂಬಿದವರಿಗೆ ಸರ್ಕಾರ ಕೊಡುತ್ತಿದ್ದ ಬೆಳ್ಳಿಯ ಬಟ್ಟಲು 2016ರಿಂದ ಬರಿಯ ಬೆಳ್ಳಿ ಲೇಪದ್ದಾಗಿದೆ. ಊರಲ್ಲಿಯೂ ದಾರಿ ಇದೇ: 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚಿದ್ದರು, ಮತ್ತು ಅವರಲ್ಲಿ ನಮ್ಮ ನಿಮ್ಮ ತಂದೆತಾಯಿಯರೂ ಇದ್ದಾರೆ.

ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಪಾರ್ಕಿನಲ್ಲಿ ಬೆಳಿಗ್ಗೆ ಆರೂವರೆಗೆ, ರೇಡಿಯೋದ ಸಂಗೀತಕ್ಕೆ ಎಲ್ಲರೂ ಸೇರಿ ಮಾಡುವ ‘ರೇಡಿಯೋ ವ್ಯಾಯಾಮ’ ನಡೆಯುತ್ತದೆ. ಮಕ್ಕಳು ಕೊರಳಲ್ಲಿ ಹಾಜರಿ ಕಾರ್ಡು ತೂಗುಹಾಕಿಕೊಂಡು ಬರುತ್ತಾರೆ. ಮುಗಿದ ಮೇಲೆ ಒಬ್ಬ ಅಜ್ಜ ಒಬ್ಬೊಬ್ಬರ ಕಾರ್ಡಿಗೂ ಮುದ್ರೆ ಒತ್ತುತ್ತಾರೆ. ಜ್ವರದಿಂದ ಎರಡು ದಿನ ತಪ್ಪಿಸಿಕೊಂಡಿದ್ದ ನನ್ನ ಮಗಳ ಕಾರ್ಡಿನ ಎರಡು ಖಾಲಿ ಚೌಕಗಳ ಮೇಲೆ ಬೆರಳಿಟ್ಟು ಅವರು “ಈಗ ಹೇಗಿದ್ದೀಯ?” ಎಂದು ಕೇಳಿದರು. ಆ ಚಿಕ್ಕ ಮುದ್ರೆ ಇಬ್ಬರಿಗೂ ಮಾತಾಡಲು ಒಂದು ಕಾರಣ ಕೊಟ್ಟಿದೆ.

ನಮ್ಮ ಸಂಘದಲ್ಲಿ ಅಂಥ ಕಾರಣಗಳು ಕಡಿಮೆ ಎಂದು ಒಪ್ಪಿಕೊಳ್ಳಬೇಕು. ಹರೆಯದವರನ್ನು ಕುರ್ಚಿ ಜೋಡಿಸಲು, ನೃತ್ಯಕ್ಕೆ ಕರೆಯುತ್ತೇವೆ. ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸುತ್ತೇವೆ. ಇಬ್ಬರೂ ಮಾತಾಡದೆ ಮನೆಗೆ ಹೋಗುತ್ತಾರೆ. ತೊಂಬತ್ತು ದಿನಗಳ ವೀಸಾದಲ್ಲಿ ಬಂದ ತಂದೆತಾಯಿಯರು ಹಗಲೆಲ್ಲ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕುಳಿತು ಕೆಳಗೆ ಹೋಗುವ ರೈಲು ನೋಡುತ್ತಾರೆ. ಆದ್ದರಿಂದ ಈ ಶರತ್ಕಾಲದಲ್ಲಿ ಊರಿಂದ ಬಂದಿರುವ ಒಬ್ಬೊಬ್ಬ ಹಿರಿಯರ ಜೊತೆ ಹೈಸ್ಕೂಲಿನ ಒಬ್ಬೊಬ್ಬರು ವಾರಕ್ಕೊಂದು ಗಂಟೆ ಕೂರಲಿ ಎಂಬುದು ನನ್ನ ಕೋರಿಕೆ. ಹಿರಿಯರು ಹೇಳಲಿ, ಕಿರಿಯರು ಬರೆಯಲಿ. ಕನ್ನಡ ಲಿಪಿ ಬಾರದಿದ್ದರೆ ಧ್ವನಿ ಮುದ್ರಿಸಿಕೊಳ್ಳಲಿ. ಔಷಧದ ಚೀಟಿ ಓದಿ ಹೇಳುವುದು, ರೈಲು ಟಿಕೆಟ್ ತೆಗೆಯಲು ಕಲಿಸುವುದು ಕಿರಿಯರ ಪಾಲಿನ ಕೆಲಸವಾಗಲಿ. ಬರೆದದ್ದನ್ನು ನಾವು ಇಲ್ಲಿಯೇ ಅಚ್ಚು ಹಾಕುತ್ತೇವೆ.

ಉಳಿದ ಸೂಚನೆಗಳು ಬೇಗಬೇಗ: ಕನ್ನಡ ಕಲಿ ತರಗತಿ ಎಂದಿನಂತೆ ಶನಿವಾರ ಬೆಳಿಗ್ಗೆ ನಡೆಯುತ್ತದೆ, ಈ ಸಲ ಅಜ್ಜ ಅಜ್ಜಿಯರೂ ಬರಲಿ. ನವರಾತ್ರಿಗೆ ಗೊಂಬೆ ಕೂರಿಸುವವರು ಮನೆ ತೆರೆದಿರುವ ಸಮಯವನ್ನು ತಿಳಿಸಿ. ರಾಜ್ಯೋತ್ಸವದ ಅಡುಗೆಗೆ ಹೆಸರು ಕೊಡುವವರು ಅಕ್ಟೋಬರ್ ಮೊದಲ ವಾರದೊಳಗೆ ಕೊಡಿ. ಇನ್ನೊಂದು ಮಾತು: ಏಳು ವರ್ಷಗಳಿಂದ ಈ ಪತ್ರಿಕೆಯ ಪುಟ ಕಟ್ಟುವುದನ್ನೂ ಕರಡು ತಿದ್ದುವುದನ್ನೂ ಇಬ್ಬರೇ ಮಾಡುತ್ತಿದ್ದೇವೆ, ಇಬ್ಬರೂ ದಣಿದಿದ್ದೇವೆ. ಇಪ್ಪತ್ತರ ಹರೆಯದ ಒಬ್ಬರಾದರೂ ಜೊತೆಗೆ ಬಂದರೆ ಕೆಲಸವನ್ನು ಸಂತೋಷದಿಂದ ಕಲಿಸಿ ಒಪ್ಪಿಸುತ್ತೇವೆ.

ಇದನ್ನು ಬರೆಯುವ ಮೊದಲು ಊರಿಗೆ ವಿಡಿಯೋ ಕರೆ ಮಾಡಿ ಮಗಳ ಪ್ರಶ್ನೆಯನ್ನು ಅಮ್ಮನಿಗೆ ಹೇಳಿದೆ. ಅಮ್ಮ ಒಳಗಿನಿಂದ ರಂಗೋಲಿ ಪುಡಿ ತಂದು, ಕಡಪ ಕಲ್ಲಿನ ಮೇಲೆ ‘ಅ’ ಬರೆದು, ಆಮೇಲೆ ‘ಜ್ಜಿ’ ಬರೆದು ಫೋನನ್ನು ಅದರ ಮೇಲೆ ಹಿಡಿದರು. ಮಗಳು ಮೂರು ಸಲ ಅಳಿಸಿ ಬರೆದಳು. ಒತ್ತಕ್ಷರ ಸ್ವಲ್ಪ ದೂರ ಸರಿದಿದೆ. ಕಾರ್ಡಿನ ಉಳಿದ ಜಾಗ ಖಾಲಿಯಿದೆ, ನಾಳೆ ಸಂಜೆ ಮತ್ತೆ ಕರೆ ಮಾಡಬೇಕಂತೆ.

— ಸಂಪಾದಕ