ಬೇಸಿಗೆ ರಜೆಯ ದೊಡ್ಡ ಚಿತ್ರಗಳಲ್ಲಿ ಮಕ್ಕಳಿಗೆ ಜಾಗವೆಲ್ಲಿ?

ಮಾನ್ಯ ಸಂಪಾದಕರಿಗೆ ವಂದನೆಗಳು.

ಸಿನಿಮಾದ ಒಳಹೊರಗು ಬಲ್ಲವಳೆಂದು ನಾನು ಈ ಪತ್ರ ಬರೆಯುತ್ತಿಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಚಿತ್ರ ನೋಡುವವಳು. ಅವುಗಳಲ್ಲಿ ಎರಡಾದರೂ ಏಪ್ರಿಲ್, ಮೇ ತಿಂಗಳಿನವೇ ಆಗಿರುತ್ತವೆ. ಆಲೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳುವ ನನಗೆ ರಜೆ ಸಿಗುವುದೂ ಆಗಲೇ, ತಂಗಿಯ ಮಕ್ಕಳು ಹಾಸನದ ನಮ್ಮ ಮನೆಗೆ ಬಂದು ಹದಿನೈದು ದಿನ ಉಳಿಯುವುದೂ ಆಗಲೇ. ಮಕ್ಕಳು ಬಂದರೆ ಮಹಾರಾಜ ಪಾರ್ಕಿಗೆ ಒಂದು ಸಂಜೆ, ಹಳೇಬೀಡಿಗೆ ಒಂದು ದಿನ, ಸಿನಿಮಾಕ್ಕೆ ಒಂದು ಮಧ್ಯಾಹ್ನ ಎಂಬುದು ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ನಡೆದುಬಂದ ಕ್ರಮ. ಹೀಗೆ ವರ್ಷವರ್ಷವೂ ಬೇಸಿಗೆಯ ದೊಡ್ಡ ಚಿತ್ರಗಳನ್ನೇ ನೋಡುತ್ತ ಬಂದವಳಾಗಿ, ಅವುಗಳ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬೇಕೆನಿಸಿದೆ.

ದೊಡ್ಡ ಚಿತ್ರಗಳನ್ನು ಕಂಡರೆ ಮೂಗು ಮುರಿಯುವವರ ಸಾಲಿಗೆ ನಾನು ಸೇರಿದವಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 2017ರ ಏಪ್ರಿಲ್ 28ರಂದು ಬಾಹುಬಲಿಯ ಎರಡನೇ ಭಾಗ ಬಂದಾಗ ಊರಿನಿಂದ ಅತ್ತೆಯವರೂ ಬಂದಿದ್ದರು. ಆ ಚಿತ್ರಕ್ಕೆ ಕನ್ನಡ ಅವತರಣಿಕೆ ಇರಲಿಲ್ಲ. ತೆಲುಗು ಬಾರದ ಅತ್ತೆಯವರು ಮಾತು ತಿಳಿಯದೆಯೇ ಕಥೆಯನ್ನೆಲ್ಲ ಹಿಡಿದುಕೊಂಡು, ಮನೆಗೆ ಬಂದು ಮಾವನವರಿಗೆ ಪೂರ್ತಿಯಾಗಿ ಹೇಳಿದರು. 2022ರ ಏಪ್ರಿಲ್ 14ರಂದು ಕೆಜಿಎಫ್ ಎರಡನೇ ಅಧ್ಯಾಯ ತೆರೆಕಂಡಾಗಿನ ಸಂಭ್ರಮವನ್ನಂತೂ ಮರೆಯಲಾರೆ. ಎರಡು ವರ್ಷ ಕೊರೊನಾದಿಂದ ಮನೆಯಲ್ಲೇ ಕುಳಿತಿದ್ದ ಜನ, ನಾಯಕ ನಟ ನಮ್ಮದೇ ಹಾಸನ ಜಿಲ್ಲೆಯವರು, ಕನ್ನಡದ ಚಿತ್ರವೊಂದನ್ನು ದೇಶವೆಲ್ಲ ಕಾಯುತ್ತಿದೆ ಎಂಬ ಹೆಮ್ಮೆ ಬೇರೆ. ಬಾಲ್ಕನಿಯಿಂದ ಗಾಂಧಿ ಕ್ಲಾಸಿನವರೆಗೆ ಎಲ್ಲರೂ ಒಂದೇ ಉಸಿರಿನಲ್ಲಿ ಕುಳಿತು ನೋಡಿದ ಆ ಮಧ್ಯಾಹ್ನ ನಾನು ಪಟ್ಟ ಸಂತೋಷ ನಿಜವಾದದ್ದು. ಮೊಬೈಲಿನ ಪುಟ್ಟ ಪರದೆ ಅದನ್ನು ಕೊಡಲಾರದು.

ಆದರೆ ಕಳೆದ ಕೆಲವು ಬೇಸಿಗೆಗಳಿಂದ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಶಾಲೆಗೆ ರಜೆಯಿರುವ ತಿಂಗಳುಗಳಲ್ಲಿ ಬರುವ ದೊಡ್ಡ ಚಿತ್ರಗಳು ಮಕ್ಕಳಿಗೆ ಒಗ್ಗುವಂಥವಲ್ಲ; ಮಕ್ಕಳು ನೋಡಬಹುದಾದ ಚಿತ್ರಗಳು ಬರುವುದು ಶಾಲೆ ತೆರೆದ ಮೇಲೆ. ಒಂದು ನಾಯಿ ಮತ್ತು ಅದರ ಒಡೆಯನ ಕಥೆಯಾದ ‘777 ಚಾರ್ಲಿ’ ಬಿಡುಗಡೆಯಾದದ್ದು 2022ರ ಜೂನ್ 10ರಂದು. ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆನಿಸಿದ, ನಮ್ಮಂಥ ಸರ್ಕಾರಿ ಶಾಲೆಯ ಕಥೆಯನ್ನೇ ಹೇಳಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ ಬಂದದ್ದು 2018ರ ಆಗಸ್ಟಿನಲ್ಲಿ. ಪ್ರಹ್ಲಾದನ ಕಥೆಯ ಅನಿಮೇಷನ್ ಚಿತ್ರ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ತೆರೆಗೆ ಬಂದದ್ದು 2025ರ ಜುಲೈ 25ರಂದು. ಜುಲೈ ಎಂದರೆ ಆಲೂರು, ಸಕಲೇಶಪುರದ ಕಡೆ ಛತ್ರಿ ಕೈಬಿಡದ ಕಾಲ. ಹೊಲಗದ್ದೆಯ ಕೆಲಸ ಬಿಟ್ಟು, ಶಾಲೆ ತಪ್ಪಿಸಿ, ಮಳೆಯಲ್ಲಿ ನೆನೆಯುತ್ತ ಮಕ್ಕಳನ್ನು ಹಾಸನದ ಚಿತ್ರಮಂದಿರಕ್ಕೆ ಕರೆತರುವ ತಂದೆತಾಯಿ ಎಷ್ಟು ಮಂದಿ ಸಿಕ್ಕಾರು? ಅದೇ ಚಿತ್ರ ಏಪ್ರಿಲ್ ಕೊನೆಗೆ ಬಂದಿದ್ದರೆ, ಕಾಫಿ ಕೊಯ್ಲಿನ ಬಟವಾಡೆ ಕೈಯಲ್ಲಿದ್ದು, ಆಲೂಗಡ್ಡೆ ಬಿತ್ತನೆಗೆ ಇನ್ನೂ ಸಮಯವಿದ್ದು, ಮನೆಮಂದಿಯೆಲ್ಲ ಬಿಡುವಾಗಿರುತ್ತಿದ್ದರು.

ಇದಕ್ಕೆ ಕಾರಣವಿಲ್ಲದಿಲ್ಲ. ಬೇಸಿಗೆಯಲ್ಲಿ ದೊಡ್ಡ ಚಿತ್ರ ಬಿಡುವ ಪದ್ಧತಿ ಅಮೆರಿಕದಲ್ಲಿ ಬೇರೂರಿದ್ದು 1975ರ ಜೂನ್‌ನಲ್ಲಿ ಬಂದ ‘ಜಾಸ್’ ಚಿತ್ರದಿಂದ ಎನ್ನುತ್ತಾರೆ. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆಗಳಿಗೆ ರಜೆ. ದೊಡ್ಡ ಚಿತ್ರಗಳು ಆ ರಜೆಯ ಲೆಕ್ಕಾಚಾರದಲ್ಲೇ ಬರುತ್ತವೆ, ನಮ್ಮಲ್ಲಿಗೆ ತಲುಪುವ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ. ಇನ್ನು ನಮ್ಮ ನಾಡಿನ ದೊಡ್ಡ ಚಿತ್ರಗಳು ಐದು ಭಾಷೆಗಳಲ್ಲಿ ಒಂದೇ ದಿನ ತೆರೆಕಾಣಬೇಕಾದ್ದರಿಂದ ಅವುಗಳ ದಿನಾಂಕ ಗೊತ್ತಾಗುವುದು ಬೇರೆ ರಾಜ್ಯಗಳನ್ನೂ ನೋಡಿಕೊಂಡು. ನಮ್ಮಲ್ಲಿ ಮೇ ಕೊನೆಗೇ ಶಾಲೆ ಶುರುವಾದರೆ ತೆಲಂಗಾಣದಲ್ಲಿ ಜೂನ್ ಎರಡನೇ ವಾರ, ದೆಹಲಿಯಲ್ಲಿ ಜುಲೈ. ಮಾರ್ಚ್ ಕೊನೆಯಿಂದ ಮೇ ಕೊನೆಯವರೆಗೆ ಐಪಿಎಲ್ ಬೇರೆ ನಡೆಯುತ್ತದೆ. ಸಂಜೆಯ ಆಟಕ್ಕೆ ಜನ ಬರುವುದಿಲ್ಲವೆಂದು ನಿರ್ಮಾಪಕರು ಹಿಂಜರಿಯುತ್ತಾರೆ. ಈ ಹಿಂಜರಿಕೆ ಅರ್ಥವಾಗುವಂಥದ್ದೇ. ಆದರೂ ಬೇಸಿಗೆ ಕನ್ನಡ ಚಿತ್ರಕ್ಕೆ ಎಂದೂ ಕೆಟ್ಟ ಕಾಲವಾಗಿರಲಿಲ್ಲ ಎಂಬುದನ್ನು ಅವರಿಗೆ ನೆನಪಿಸಬೇಕಾಗಿದೆ. ಡಾ. ರಾಜ್‌ಕುಮಾರ್ ಅವರ ‘ಬಂಗಾರದ ಮನುಷ್ಯ’ 1972ರ ಮಾರ್ಚ್ 31ರಂದು ಬಂತು. ಪುನೀತ್ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಅಪ್ಪು’ 2002ರ ಏಪ್ರಿಲ್ 26ರಂದು ಬಂತು. ಅವರದೇ ‘ರಾಜಕುಮಾರ’ 2017ರ ಮಾರ್ಚ್ 24ರಂದು ಬಂತು. ಅಜ್ಜಿಯಿಂದ ಮೊಮ್ಮಗನವರೆಗೆ ಒಂದೇ ಸಾಲಿನಲ್ಲಿ ಕುಳಿತು ನೋಡಿದ ಚಿತ್ರಗಳಿವು.

ಈಗ ನಾನು ಈ ಪತ್ರ ಬರೆಯಲು ಕಾರಣವಾದ ಘಟನೆಗೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ತಂಗಿಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಮ್ಯಾಟಿನಿಗೆ ಹೋಗಿದ್ದೆ. ದೊಡ್ಡವನಿಗೆ ಹತ್ತು, ಚಿಕ್ಕವಳಿಗೆ ಏಳು. ಊರಿನ ಗೋಡೆಗಳ ಮೇಲೆಲ್ಲ ಆ ಚಿತ್ರದ ಪೋಸ್ಟರ್ ಇತ್ತು, ಹಾಡುಗಳು ಮಕ್ಕಳ ಬಾಯಲ್ಲಿದ್ದವು. ಅದಕ್ಕಿಂತ ಹೆಚ್ಚು ವಿಚಾರಿಸದೆ ಟಿಕೆಟ್ ತೆಗೆದುಕೊಂಡದ್ದು ನನ್ನ ತಪ್ಪು. ದೀಪ ಆರಿದ ಮೇಲೆ ಪರದೆಯ ಮೇಲೆ ಹತ್ತು ಸೆಕೆಂಡು ಕಾಣಿಸಿದ ಪ್ರಮಾಣಪತ್ರದಲ್ಲಿ ‘ಯುಎ 16+’ ಎಂದಿದ್ದುದನ್ನು ನೋಡಿ ನನಗೆ ಎದೆ ಝಲ್ಲೆಂದಿತು. ಅರ್ಧ ಗಂಟೆಯೊಳಗೆ ತೆರೆಯ ಮೇಲೆ ಕೈಕಾಲು ಕಡಿಯುವುದು, ಕೊರಳು ಕೊಯ್ಯುವುದು ಶುರುವಾಯಿತು. ಒಂದೊಂದು ಏಟಿಗೂ ಕುರ್ಚಿ ನಡುಗುವಷ್ಟು ಶಬ್ದ. ಚಿಕ್ಕವಳು ಎರಡೂ ಕಿವಿ ಮುಚ್ಚಿಕೊಂಡು ನನ್ನ ಮಡಿಲಿಗೆ ತಲೆಯಿಟ್ಟು, “ದೊಡ್ಡಮ್ಮ, ಮನೆಗೆ ಹೋಗಣ” ಎಂದಳು. ವಿರಾಮದವರೆಗೂ ಕಾಯದೆ ಹೊರಗೆ ಬಂದೆವು. ಅಂದು ರಾತ್ರಿ ಅವಳು ಎರಡು ಸಲ ಬೆಚ್ಚಿ ಎದ್ದಳು. ದೊಡ್ಡವನು ಉಳಿದರ್ಧ ನೋಡಲಾಗಲಿಲ್ಲವೆಂದು ಮುನಿಸಿಕೊಂಡಿದ್ದ. ನನಗೆ ಹೆಚ್ಚು ಭಯವಾದದ್ದು ಅವನನ್ನು ಕಂಡೇ.

1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತಂದು, ಹಿಂದೆ ಒಂದೇ ಆಗಿದ್ದ ‘ಯು/ಎ’ ವರ್ಗವನ್ನು ಏಳು, ಹದಿಮೂರು, ಹದಿನಾರು ವರ್ಷಗಳ ಮೂರು ಮೆಟ್ಟಿಲುಗಳಾಗಿ ಒಡೆದಿದ್ದಾರೆಂಬುದು ನನಗೆ ತಿಳಿದದ್ದು ಈ ಘಟನೆಯ ನಂತರ ವಿಚಾರಿಸಿದಾಗ. ಇದು ಒಳ್ಳೆಯ ಬದಲಾವಣೆ. ‘ಎ’ ಪ್ರಮಾಣಪತ್ರದ ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಚಿತ್ರಮಂದಿರದವರೇ ಬಿಡುವಂತಿಲ್ಲ. ‘ಯುಎ’ ವರ್ಗದ ಮೂರು ಮೆಟ್ಟಿಲುಗಳಲ್ಲಿ ಮಾತ್ರ ತೀರ್ಮಾನ ತಂದೆತಾಯಿಗೆ ಬಿಟ್ಟದ್ದು. ತೀರ್ಮಾನ ನಮ್ಮದೆಂದರೆ, ಟಿಕೆಟ್ ಕೊಳ್ಳುವ ಮೊದಲೇ ನಮಗೆ ವಿಷಯ ತಿಳಿಯಬೇಕು. ಪೋಸ್ಟರಿನಲ್ಲಿ ನಾಯಕನ ಕಣ್ಣೊಂದೇ ಒಂದಡಿ ಅಗಲವಿರುತ್ತದೆ, ಪ್ರಮಾಣಪತ್ರದ ವರ್ಗ ಮೂಲೆಯಲ್ಲಿ ಉಗುರಿನಷ್ಟಿರುತ್ತದೆ. ಟಿಕೆಟ್ ಕೌಂಟರಿನ ಬಳಿ ದರದ ಫಲಕವಿದೆ, ಆಟದ ಸಮಯದ ಫಲಕವಿದೆ. ಇದೊಂದು ಮಾತ್ರ ಇಲ್ಲ. ಏಳು ವರ್ಷದ ಮಗುವಿನ ಕೈ ಹಿಡಿದು ನಿಂತವಳಿಗೆ “ಅಮ್ಮಾ, ಇದು ದೊಡ್ಡ ಮಕ್ಕಳ ಪಿಕ್ಚರ್” ಎಂದು ಒಂದು ಮಾತು ಹೇಳಲು ಕೌಂಟರಿನಲ್ಲಿದ್ದವರಿಗೆ ಎಷ್ಟು ಹೊತ್ತು ಬೇಕಿತ್ತು?

ಚಿತ್ರದ ಉದ್ದವನ್ನೂ ಇದೇ ರೀತಿ ಮೊದಲೇ ತಿಳಿಸಬೇಕು. ಈಚಿನ ದೊಡ್ಡ ಚಿತ್ರಗಳು ಮೂರು ಗಂಟೆಯ ಆಸುಪಾಸಿನವು. ಕೆಜಿಎಫ್ ಎರಡನೇ ಅಧ್ಯಾಯ 168 ನಿಮಿಷದ್ದು, ಆರ್‌ಆರ್‌ಆರ್ ಮೂರು ಗಂಟೆಗೂ ಮೀರಿದ್ದು. ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೆ ಹಾಸನಕ್ಕೆ ಬರುವ ಬಸ್ಸಿನ ಖರ್ಚು ಉಳಿದಿದೆ, ನಿಜ. ಆದರೆ ಸಂಜೆ ಆರೂವರೆಯ ಆಟಕ್ಕೆ ಕುಳಿತವರು ಮೂರೂಕಾಲು ಗಂಟೆಯ ಮೇಲೆ ಹೊರಬಂದರೆ ಒಳಊರುಗಳ ಕೊನೆಯ ಬಸ್ಸು ಹೋಗಿರುತ್ತದೆ. ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಆದೇಶ, ಅದಕ್ಕೆ ಹೈಕೋರ್ಟಿನ ತಡೆ, ಇವುಗಳ ಬಗ್ಗೆ ಬಹಳ ಚರ್ಚೆಯಾಯಿತು. ಅದು ಆಗಬೇಕಾದ ಚರ್ಚೆಯೇ. ನಮ್ಮ ಕಡೆಯವರಿಗೆ ಬಸ್ಸಿನ ವೇಳೆಯೂ ಅಷ್ಟೇ ಮುಖ್ಯ.

ರಜೆ ಮುಗಿದು ಶಾಲೆ ತೆರೆದ ಮೊದಲ ದಿನ, ರಜೆಯಲ್ಲಿ ಏನೇನು ನೋಡಿದಿರಿ ಎಂದು ನಾನು ಮಕ್ಕಳನ್ನು ಕೇಳುವುದುಂಟು. ಹಿಂದೆ ಅಜ್ಜಿ ಊರಿನ ಜಾತ್ರೆ, ಹೊಳೆ, ಮಾವಿನ ತೋಪಿನ ಸುದ್ದಿ ಬರುತ್ತಿತ್ತು. ಸಿನಿಮಾ ನೋಡಿದವರು ಹಾಡು ಹೇಳುತ್ತಿದ್ದರು. ಈಗ ಐದನೇ ತರಗತಿಯ ಹುಡುಗರು ಬಾಯಿಯ ಮೂಲೆಗೆ ಬಳಪ ಕಚ್ಚಿಕೊಂಡು ನಿಧಾನವಾಗಿ ನಡೆದು ತೋರಿಸುತ್ತಾರೆ, ಒಬ್ಬ ಕೋಲು ಬೀಸಿದರೆ ನಾಲ್ವರು ನೆಲಕ್ಕೆ ಬೀಳುತ್ತಾರೆ. ಮಕ್ಕಳು ಹೊಡೆದಾಟದ ಆಟ ಆಡುವುದು ಹೊಸತಲ್ಲ, ಅದನ್ನು ನಾನು ತಡೆಯುವುದೂ ಇಲ್ಲ. ಅವರಿಗೆ ತೋರಿಸಲು ಬೇರೇನೂ ಇರಲಿಲ್ಲವಲ್ಲ ಎಂಬುದೇ ನನ್ನ ಸಂಕಟ. 2016ರ ಏಪ್ರಿಲ್‌ನಲ್ಲಿ ‘ದಿ ಜಂಗಲ್ ಬುಕ್’ ಭಾರತಕ್ಕೆ ಬಂದಾಗ ಹಿಂದಿ, ತಮಿಳು, ತೆಲುಗಿನ ಮಕ್ಕಳು ಕಾಡಿನ ಹುಡುಗನ ಮಾತನ್ನು ತಮ್ಮ ನುಡಿಯಲ್ಲಿ ಕೇಳಿದರು. ಡಬ್ಬಿಂಗ್ ಬೇಡವೆಂಬ ಹಟದ ಕಾಲವಾದ್ದರಿಂದ ನಮ್ಮ ಮಕ್ಕಳಿಗೆ ಅದು ಕನ್ನಡದಲ್ಲಿ ಸಿಗಲಿಲ್ಲ. ಆನೆಗಳು ಕಾಫಿ ತೋಟದಲ್ಲೇ ಓಡಾಡುವ ಆಲೂರಿನ ಮಕ್ಕಳಿಗಿಂತ ಆ ಚಿತ್ರ ಯಾರಿಗೆ ಹೆಚ್ಚು ಹಿಡಿಸುತ್ತಿತ್ತು? ಈಗ ಆ ಅಡ್ಡಿಯಿಲ್ಲ, ಹೊರಗಿನ ದೊಡ್ಡ ಚಿತ್ರಗಳೂ ಕನ್ನಡದಲ್ಲಿ ಬರುತ್ತಿವೆ. ಆದರೆ ಕನ್ನಡ ಅವತರಣಿಕೆಯ ಆಟ ನಮ್ಮಂಥ ಜಿಲ್ಲಾ ಕೇಂದ್ರಗಳಿಗೆ ತಲುಪುವುದು ಅಪರೂಪ.

ಚಲನಚಿತ್ರ ವಾಣಿಜ್ಯ ಮಂಡಳಿಯವರಲ್ಲೂ ಜಿಲ್ಲೆಯ ಚಿತ್ರಮಂದಿರಗಳ ಮಾಲೀಕರಲ್ಲೂ ನನ್ನದೊಂದು ಬೇಡಿಕೆಯಿದೆ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ, ದೊಡ್ಡ ಚಿತ್ರಗಳು ತಮ್ಮ ಪಾಡಿಗೆ ಓಡುತ್ತಿರಲಿ, ಬೆಳಗಿನ ಹತ್ತೂವರೆಯ ಆಟವೊಂದನ್ನು ಮಾತ್ರ ಮಕ್ಕಳ ಚಿತ್ರಕ್ಕೆ ಬಿಟ್ಟುಕೊಡಲಿ. ಹೊಸ ಚಿತ್ರವೇ ಆಗಬೇಕೆಂದಿಲ್ಲ. ನಾಯಕರ ಹಳೆಯ ಚಿತ್ರಗಳನ್ನು ಹುಟ್ಟುಹಬ್ಬಕ್ಕೆ ಮತ್ತೆ ಬಿಡುಗಡೆ ಮಾಡುವ ರೂಢಿ ಈಗ ಬಂದಿದೆಯಲ್ಲ, ಹಾಗೆಯೇ ಈ ಹಿಂದೆ ಮಳೆಗಾಲದಲ್ಲಿ ಬಂದುಹೋದ ಮಕ್ಕಳ ಚಿತ್ರಗಳನ್ನು ರಜೆಯಲ್ಲಿ ಮತ್ತೊಮ್ಮೆ ತೋರಿಸಬಹುದು. ಸರ್ಕಾರದ ಸಹಾಯಧನ ಪಡೆದ ಮಕ್ಕಳ ಚಿತ್ರಗಳು ಎಷ್ಟೋ ಇವೆ; ನಮ್ಮ ಶಾಲೆಯ ಒಂದು ಮಗುವೂ ಅವುಗಳಲ್ಲಿ ಒಂದನ್ನೂ ಚಿತ್ರಮಂದಿರದಲ್ಲಿ ನೋಡಿಲ್ಲ. ಆ ಆಟಕ್ಕೆ ಧ್ವನಿಯನ್ನು ಸ್ವಲ್ಪ ತಗ್ಗಿಸಿದರೆ ನಮ್ಮ ಅತ್ತೆಯವರಂಥ ಹಿರಿಯರೂ ಬರುತ್ತಾರೆ.

ತಮ್ಮಲ್ಲಿ ಕೇಳಿಕೊಳ್ಳುವುದು ಇನ್ನೂ ಸಣ್ಣದು. ತಮ್ಮ ಪತ್ರಿಕೆಯಲ್ಲಿ ಬರುವ ‘ಇಂದಿನ ಚಿತ್ರಗಳು’ ಪಟ್ಟಿಯಲ್ಲಿ ಚಿತ್ರದ ಹೆಸರಿನ ಮುಂದೆ ಅದರ ಪ್ರಮಾಣಪತ್ರದ ವರ್ಗವನ್ನೂ ಅವಧಿಯನ್ನೂ ದಯವಿಟ್ಟು ಮುದ್ರಿಸಿ. ಹೆಚ್ಚೆಂದರೆ ಎರಡು ಪದಗಳ ಜಾಗ ಬೇಕಾದೀತು. ಶಾಲೆಗಳಿಗೆ ರಜೆ ಕೊಡುವ ವಾರದಿಂದಲೇ ಅದು ಬರುವಂತಾದರೆ, ಆ ಪಟ್ಟಿಯನ್ನು ಕತ್ತರಿಸಿ ನಮ್ಮ ಶಾಲೆಯ ಸೂಚನಾಫಲಕಕ್ಕೆ ಅಂಟಿಸುವ ಕೆಲಸವನ್ನು ನಾನೇ ಮಾಡುತ್ತೇನೆ. ಫಲಿತಾಂಶ ನೋಡಲು ಬರುವ ತಂದೆತಾಯಂದಿರು ಅದನ್ನೂ ಓದಿಕೊಂಡು ಹೋಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯ ಶಿಕ್ಷಕಿ,
ಹಾಸನ